ಬೇಸ್‌ಗೆ ಫ್ಲಾಟ್‌ವೌಂಡ್ ತಂತಿಯೋ ರೌಂಡ್‌ವೌಂಡ್ ತಂತಿಯೋ? ಮೊದಲು ನಿಮ್ಮ ಟೋನ್ ನಾಬ್ ನೋಡಿ

ಎಲೆಕ್ಟ್ರಿಕ್ ಬೇಸ್ (ಬೇಸ್ ಗಿಟಾರ್) ನುಡಿಸುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ತಂತಿ ಬದಲಾಯಿಸಬೇಕು, ಫ್ಲಾಟ್‌ವೌಂಡ್ ತಗೊಳ್ಳಲಾ, ರೌಂಡ್‌ವೌಂಡ್ ತಗೊಳ್ಳಲಾ? ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: ನಿಮ್ಮ ಬೇಸಿನ ಟೋನ್ ನಾಬ್ (ಶಬ್ದದ ಹೊಳಪು ಏರಿಸಿ ಇಳಿಸುವ ತಿರುಗುಣಿ) ಸಾಮಾನ್ಯವಾಗಿ ಎಷ್ಟಕ್ಕೆ ಇಟ್ಟಿರುತ್ತೀರಿ? ಯಾವಾಗಲೂ ಪೂರ್ತಿ ಇಳಿಸಿಯೇ ನುಡಿಸುತ್ತೀರಿ ಅಂದರೆ ಯೋಚನೆ ಮಾಡದೆ ಫ್ಲಾಟ್ಸ್ (ಫ್ಲಾಟ್‌ವೌಂಡ್) ಹಾಕಿ. ಪೂರ್ತಿ ಏರಿಸಿಯೇ ಇಡುತ್ತೀರಾ, ಫ್ಲಾಟ್ಸ್ ಕಡೆ ಹೋಗಲೇಬೇಡಿ. ಒಂದೊಂದು ಹಾಡಿಗೆ ಒಂದೊಂದು ಕಡೆ ತಿರುಗಿಸುವವರಾದರೆ ರೌಂಡ್ಸ್ (ರೌಂಡ್‌ವೌಂಡ್) ಇರಲಿ, ಯಾಕೆಂದರೆ ಇರುವ ಹೊಳಪನ್ನು ನಾಬ್ ಕಡಿಮೆ ಮಾಡಬಹುದು, ಇಲ್ಲದ ಹೊಳಪನ್ನು ಅದು ಎಲ್ಲಿಂದ ತರುತ್ತದೆ?

ಎರಡರ ಒಳಗೂ ಉಕ್ಕಿನ ಎಳೆ ಇರುತ್ತದೆ. ಅದರ ಮೇಲೆ ದುಂಡನೆಯ ತಂತಿ ಸುತ್ತಿದರೆ ರೌಂಡ್‌ವೌಂಡ್, ಚಪ್ಪಟೆ ಪಟ್ಟಿ ಸುತ್ತಿದರೆ ಫ್ಲಾಟ್‌ವೌಂಡ್. ಮುಟ್ಟಿದರೆ ಮೊದಲನೆಯದು ತರಿತರಿ, ಎರಡನೆಯದು ನುಣುಪು. ರೌಂಡ್ಸ್‌ನಲ್ಲಿ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆಗೇ ಹುಟ್ಟುವ ಎತ್ತರದ ಉಪಸ್ವರಗಳು) ಜೋರಾಗಿ ಬರುತ್ತವೆ, ಸ್ವರ ತುಂಬಾ ಹೊತ್ತು ಮೊಳಗುತ್ತದೆ. ಫ್ಲಾಟ್ಸ್‌ನಲ್ಲಿ ಅವು ಬೇಗ ಅಡಗುತ್ತವೆ. ಸ್ವರ 'ಧಂ' ಅಂತ ಶುರುವಾಗಿ, ಮೂಲ ನಾದ ಮಾತ್ರ ದಪ್ಪಗೆ ಉಳಿಯುತ್ತದೆ. ಹಾಗಾದರೆ ರೌಂಡ್ಸ್ ಹಾಕಿ ಟೋನ್ ಇಳಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಹಿಡಿದ ಶಬ್ದದಿಂದ ಟ್ರೆಬಲ್, ಅಂದರೆ ಎತ್ತರದ ಸ್ವರಾಂಶವನ್ನು, ನಾಬ್ ಕತ್ತರಿಸುತ್ತದೆ ಅಷ್ಟೇ. ಸ್ವರ ಹೇಗೆ ಹುಟ್ಟುತ್ತದೆ, ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದು ತಂತಿಯಲ್ಲೇ ತೀರ್ಮಾನವಾಗಿರುತ್ತದೆ. ನಾಬ್ ನಿಮ್ಮ ಕಿವಿಯ ರುಚಿ ಹೇಳುತ್ತದೆ, ಫ್ಲಾಟ್ಸ್‌ನ ಶಬ್ದ ಕೊಡುವುದಿಲ್ಲ. ದುಡ್ಡು ಹಾಕುವ ಮೊದಲು ಇನ್ನೂ ಹತ್ತಿರ ಹೋಗಿ ನೋಡಬೇಕಾ? ಬ್ರಿಜ್ (ಬೇಸಿನ ಒಡಲ ಮೇಲೆ ತಂತಿ ಕಟ್ಟುವ ಜಾಗ) ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜ್ ಸಿಕ್ಕಿಸಿ, ಟೋನ್ ಇಳಿಸಿ, ಒಂದು ವಾರ ಹಾಗೇ ನುಡಿಸಿ. ಬೇಜಾರಾಗಲಿಲ್ಲ ಅಂದರೆ ನೀವು ಫ್ಲಾಟ್ಸ್ ಕಡೆಯವರು.

ಯಾವ ಶೈಲಿಗೆ ಯಾವುದು ಅನ್ನುವ ಪಟ್ಟಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಅದರ ಮೇಲಿದ್ದದ್ದು ಫ್ಲಾಟ್ಸ್. ಸೋಲ್ ಸಂಗೀತದ ಮೋಟೌನ್ ಕಂಪನಿಯ ಬೇಸಿಸ್ಟ್ ಜೇಮ್ಸ್ ಜೇಮರ್‌ಸನ್ ತನ್ನ 1962ರ ಪ್ರಿಸಿಷನ್ ಮೇಲೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್ಸ್ ಹಾಕಿ, ಕಿತ್ತುಹೋಗುವ ತನಕ ಬದಲಾಯಿಸುತ್ತಿರಲಿಲ್ಲ. 60ರ ದಶಕದ ಮಧ್ಯದಲ್ಲಿ ದ ಹೂ ಎಂಬ ರಾಕ್ ತಂಡದ ಬೇಸಿಸ್ಟ್ ಜಾನ್ ಎಂಟ್‌ವಿಸಲ್ ಮತ್ತು ರೋಟೋಸೌಂಡ್ ಕಂಪನಿ ಸೇರಿ ರೌಂಡ್‌ವೌಂಡ್ ಬೇಸ್ ತಂತಿಯನ್ನು ರೂಪಿಸಿದ ಮೇಲೆ ಬೇಸ್‌ಗೆ ಪಿಯಾನೋದ ಕೆಳಗಿನ ಸ್ವರಗಳಂಥ ಗುಟುರು ಬಂತು. ಇಲ್ಲಿಗೆ ನಿಲ್ಲಿಸಿದರೆ 'ಸೋಲ್‌ಗೆ ಫ್ಲಾಟ್ಸ್, ರಾಕ್‌ಗೆ ರೌಂಡ್ಸ್' ಅಂತ ಬರೆದುಬಿಡಬಹುದು. ಆದರೆ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಆ ಖಡಖಡ ಶಬ್ದ ತೆಗೆಯುವುದು ಫ್ಲಾಟ್ಸ್‌ನಲ್ಲಿ, ತಂತಿಯನ್ನು ಬೆರಳಿನಿಂದ ಅಷ್ಟು ಜೋರಾಗಿ ಹೊಡೆಯುತ್ತಾನೆ! ಇನ್ನು ಜಾಜ್ ಬೇಸಿಸ್ಟ್ ಜಾಕೋ ಪಾಸ್ಟೋರಿಯಸ್ ಫ್ರೆಟ್‌ಲೆಸ್ (ನೆಕ್ ಮೇಲೆ ಲೋಹದ ಫ್ರೆಟ್ ಪಟ್ಟಿಗಳಿಲ್ಲದ ಬೇಸ್) ಮೇಲೆ ರೌಂಡ್ಸ್ ಹಾಕಿ, ಫಿಂಗರ್‌ಬೋರ್ಡ್ ಸವೆಯದಿರಲಿ ಅಂತ ಅದಕ್ಕೆ ಎಪಾಕ್ಸಿ ಎಂಬ ಗಟ್ಟಿ ರಾಳ ಬಳಿದುಕೊಂಡಿದ್ದ.

ಯಾರ ಜೊತೆ ನುಡಿಸುತ್ತೀರಿ, ಕೇಳುವವರು ಯಾವುದರಲ್ಲಿ ಕೇಳುತ್ತಾರೆ ಅನ್ನುವುದು ಶೈಲಿಗಿಂತ ಮುಖ್ಯ. ರೂಮಿನಲ್ಲಿ ಒಬ್ಬರೇ ನುಡಿಸಿದರೆ ಫ್ಲಾಟ್ಸ್ ಮಂಕಾಗಿ ಕೇಳುತ್ತವೆ, ಅರ್ಧ ಜನ ಅಲ್ಲೇ ಬೇಡ ಅಂದುಬಿಡುತ್ತಾರೆ. ಅದೇ ಬೇಸನ್ನು ಡ್ರಮ್ಸ್, ಎರಡು ಗಿಟಾರ್, ಹಾಡುವವರ ನಡುವೆ ಕೇಳಿ: ಕಿಕ್ ಡ್ರಮ್ ಜೊತೆ ಅಂಟಿಕೊಂಡು, ಯಾರ ದಾರಿಗೂ ಅಡ್ಡ ಬರದೆ ಕೂತಿರುತ್ತದೆ. ಇನ್ನೊಂದು ಮಗ್ಗುಲೂ ಇದೆ. ಬೇಸಿನ ಖಾಲಿ 'ಇ' ತಂತಿ ಸುಮಾರು 41 ಹರ್ಟ್ಸ್, ಫೋನಿನ ಸ್ಪೀಕರ್‌ಗೆ ಅದನ್ನು ನುಡಿಸುವ ತಾಕತ್ತಿಲ್ಲ. ಅಲ್ಲಿ ನಮಗೆ ಬೇಸ್ ಕೇಳಿದಂತೆ ಅನಿಸುವುದು ಮೇಲಿನ ಹಾರ್ಮೋನಿಕ್ಸ್‌ನಿಂದ, ಮೂಲ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ನಿಮ್ಮ ರೆಕಾರ್ಡಿಂಗನ್ನು ಜನ ಫೋನಿನಲ್ಲೇ ಕೇಳುವುದಾದರೆ ಫ್ಲಾಟ್ಸ್ ಮಾಯವಾಗಿಬಿಡಬಹುದು. ಒಂಚೂರು ಡಿಸ್ಟಾರ್ಷನ್ ಬೆರೆಸಿ, ಇಲ್ಲ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿಯಿರಿ. ಫ್ಲಾಟ್ಸ್ ಮತ್ತು ಪಿಕ್ ಜೋಡಿ ನನಗೆ ತುಂಬಾ ಇಷ್ಟ, ಅಮೆರಿಕದ ಸ್ಟುಡಿಯೋ ಬೇಸಿಸ್ಟ್ ಕ್ಯಾರಲ್ ಕೇ ಅದರಲ್ಲೇ ಎಷ್ಟೊಂದು ಹಾಡುಗಳಿಗೆ ನುಡಿಸಿದ್ದಾರೆ.

ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವುದು) ನುಡಿಸುವವರಿಗೆ ರೌಂಡ್ಸ್. ಇದರಲ್ಲಿ ಚರ್ಚೆ ಬೇಡ.

ಬೆರಳಿಗೆ ಫ್ಲಾಟ್ಸ್ ಹಿತ. ಜಾರುವಾಗ ಕಿರ್ ಅನ್ನುವುದಿಲ್ಲ, ಫ್ರೆಟ್ ಕಡಿಮೆ ಸವೆಯುತ್ತದೆ. ಆದರೆ ಒಂದೇ ಗೇಜ್‌ನಲ್ಲಿ (ತಂತಿಯ ದಪ್ಪದಲ್ಲಿ) ಸಾಮಾನ್ಯವಾಗಿ ಇವು ರೌಂಡ್ಸ್‌ಗಿಂತ ಬಿಗಿ. ಥೋಮಾಸ್ಟಿಕ್‌ನ ಜಾಜ್ ಫ್ಲಾಟ್ಸ್‌ನಂಥ ಮೆತ್ತನೆಯ ಸೆಟ್‌ಗಳೂ ಇವೆ, ಹಾಗಾಗಿ ಗೇಜ್ ಮಾತ್ರ ನೋಡದೆ ಟೆನ್ಷನ್ (ಬಿಗಿತ) ಎಷ್ಟು ಅಂತಲೂ ನೋಡಿ.

ಬೆಲೆ? ಫ್ಲಾಟ್ಸ್ ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತವೆ. ರೌಂಡ್ಸ್‌ನ ಸುರುಳಿಗಳ ಸಂದಿಯಲ್ಲಿ ಬೆವರು, ಕೊಳೆ ಸೇರಿ ಹೊಳಪು ಬೇಗ ಹೋಗುತ್ತದೆ. ನೀರಿನಲ್ಲಿ ಕುದಿಸಿದರೆ ಜೀವ ಬರುತ್ತದೆ, ಆದರೆ ಸ್ವಲ್ಪ ದಿನಕ್ಕೆ ಮಾತ್ರ. ಫ್ಲಾಟ್ಸ್ ಇದಕ್ಕೆ ತಿರುಗುಮುರುಗು. ಹೊಸದಾಗಿದ್ದಾಗ ಒಂದು ಥರದ ಝಣಝಣ ಇರುತ್ತದೆ, ನುಡಿಸುತ್ತಾ ಹೋದಂತೆ ಅದು ಇಳಿದು ನಿಜವಾದ ಶಬ್ದ ಬರುತ್ತದೆ. ಮೊದಲ ದಿನವೇ ತೀರ್ಪು ಕೊಡಬೇಡಿ.

ಹಾಕುವಾಗ ಸ್ವಲ್ಪ ಹುಷಾರು. ಸ್ಕೇಲ್ ಉದ್ದ (ನಟ್‌ನಿಂದ ಬ್ರಿಜ್ ತನಕದ ತಂತಿಯ ಉದ್ದ; ನಟ್ ಅಂದರೆ ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸರಿಯಾಗಿ ನೋಡಿ ತಗೊಳ್ಳಿ, ಟ್ಯೂನರ್ ಸುತ್ತ ತಂತಿಯ ಸಣ್ಣಗಾದ ತುದಿ ಮಾತ್ರ ಸುತ್ತಬೇಕು. ಕತ್ತರಿಸುವ ಮೊದಲು ಅಲ್ಲಿ ಚೂಪಾಗಿ ಬಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಸುತ್ತಿದ ಪಟ್ಟಿ ಬಿಚ್ಚಿಕೊಳ್ಳುತ್ತದೆ. ದಪ್ಪ ಸೆಟ್ ಆದರೆ ನಟ್‌ನ ಸೀಳಿನಲ್ಲಿ ಕೂರದೆ ಹೋಗಬಹುದು. ಟೆನ್ಷನ್ ಬದಲಾದರೆ ನೆಕ್ ಬಾಗುತ್ತದೆ, ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಪಡಿಸುವ ಸರಳು) ಮತ್ತು ಇಂಟೊನೇಷನ್ (ನೆಕ್ ಉದ್ದಕ್ಕೂ ಸ್ವರ ಸರಿ ಬರುವುದು) ಮತ್ತೆ ನೋಡಬೇಕು. ಎಷ್ಟೋ ಜನ ಈ ಹೊಂದಾಣಿಕೆ (ಸೆಟಪ್) ಮಾಡಿಸದೆ ಫ್ಲಾಟ್ಸ್ ಸರಿಯಿಲ್ಲ ಅಂತ ಸುಮ್ನೆ ಬೈಯುತ್ತಾರೆ.

ಮಧ್ಯದ ದಾರಿಯೂ ಇದೆ: ದುಂಡನೆಯ ತಂತಿ ಸುತ್ತಿ, ಮೇಲ್ಮೈ ಉಜ್ಜಿ ನುಣುಪು ಮಾಡಿದ ಹಾಫ್ ರೌಂಡ್ಸ್. ನನಗೆ ಅವು ಎರಡೂ ಕಡೆ ಅರ್ಧಂಬರ್ಧ ಅನಿಸುತ್ತವೆ. ಅದಕ್ಕಿಂತ ನೈಲಾನ್ ಪಟ್ಟಿಯ ಟೇಪ್‌ವೌಂಡ್ ಒಮ್ಮೆ ನೋಡಿ, ಅದರಲ್ಲೂ ಫ್ರೆಟ್‌ಲೆಸ್ ಇದ್ದವರು.