ಶಾಲೆ ಸಾಫ್ಟ್‌ವೇರ್ ಕಂಪನಿಯ ಬೆಳವಣಿಗೆ ನಿಲ್ಲುವುದು ಎಕ್ಸೆಲ್ ಫೈಲ್‌ನಲ್ಲಿ

ಶಾಲೆಗಳಿಗೆ ಸಾಫ್ಟ್‌ವೇರ್ ಕೊಡುವ ಕಂಪನಿಗೆ ಮಾರಾಟವೇ ದೊಡ್ಡ ತಲೆನೋವು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ನಿಜವಾದ ತಲೆನೋವು ಕ್ಯಾಲೆಂಡರ್. ವರ್ಷದ ನಡುವೆ ಹಾಜರಿ ಪುಸ್ತಕ ಬದಲಿಸಲು ಯಾವ ಹೆಡ್‌ಮಾಸ್ಟರೂ ಸುಲಭವಾಗಿ ಒಪ್ಪುವುದಿಲ್ಲ. ಹಾಗಾಗಿ ಇಡೀ ವರ್ಷ ಹಿಡಿದ ಆರ್ಡರ್‌ಗಳೆಲ್ಲ ಶಾಲೆ ಶುರುವಾಗುವ ಮೂರು ವಾರದೊಳಗೆ ಚಾಲೂ ಆಗಬೇಕು.

ಲೆಕ್ಕ ಹಾಕಿ ನೋಡಿ. ಒಂದು ಶಾಲೆಯನ್ನು ಸಾಫ್ಟ್‌ವೇರ್ ಒಳಗೆ ತರಲು 12 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ನಾಲ್ಕು ಜನ, ದಿನಕ್ಕೆ 6 ಗಂಟೆ, 15 ದಿನ: ಒಟ್ಟು 360 ಗಂಟೆ. ಅಂದರೆ 30 ಶಾಲೆ, ಅಷ್ಟೇ. 31ನೆಯದನ್ನು ಮಾರಿದವರಿಗೆ ಕಮಿಷನ್ ಸಿಗುತ್ತದೆ, ಸಪೋರ್ಟ್‌ನವರ ನಿದ್ದೆ ಹೋಗುತ್ತದೆ. ಆ 12 ಗಂಟೆ 3ಕ್ಕೆ ಇಳಿದರೆ ಅದೇ ನಾಲ್ವರು 120 ಶಾಲೆ ಮುಗಿಸುತ್ತಾರೆ.

ಗಂಟೆಗಳನ್ನು ನುಂಗುವುದು ವಿದ್ಯಾರ್ಥಿಗಳ ಪಟ್ಟಿ. ಶಾಲೆಯ ಆಫೀಸಿನಿಂದ ಬರುವ ಎಕ್ಸೆಲ್ ಫೈಲ್ ತೆರೆದರೆ 0047 ಎಂಬ ಪ್ರವೇಶ ಸಂಖ್ಯೆ ಬರೀ 47 ಆಗಿರುತ್ತದೆ. 16 ಅಂಕಿಯ ಗುರುತಿನ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗಿರುತ್ತದೆ, ಏಕೆಂದರೆ ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ನಿಖರ. 3/4 ಎಂದರೆ ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ? ಅದು ಆ ಕಂಪ್ಯೂಟರಿನ ಸೆಟ್ಟಿಂಗ್‌ಗೇ ಗೊತ್ತು. ಪೋಷಕರ ಮೊಬೈಲ್ ನಂಬರನ್ನೇ ಮಗುವಿನ ಗುರುತಾಗಿ ಇಟ್ಟುಕೊಂಡಿದ್ದರಂತೂ ಮುಗಿಯಿತು: ಅಕ್ಕ ತಮ್ಮ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ.

ಇದಕ್ಕೆ ಮದ್ದು, ಎಲ್ಲ ಕಾಲಂಗಳನ್ನೂ ಮೊದಲೇ ಟೆಕ್ಸ್ಟ್ ಮಾಡಿಟ್ಟ ಖಾಲಿ ಫೈಲ್ ಕಳಿಸುವುದು ಮತ್ತು ಡೇಟಾ ಉಳಿಸುವ ಮುಂಚೆ ಒಂದು ತಾಲೀಮು ಪರದೆ ತೋರಿಸುವುದು: ಹೊಸಬರು ಎಷ್ಟು, ಬದಲಾದವರು ಎಷ್ಟು, ಪಟ್ಟಿಯಿಂದ ಹೋಗುವವರು ಎಷ್ಟು. ಹೋಗುವವರು ಶೇಕಡಾ 5 ದಾಟಿದರೆ ಕೆಲಸ ಅಲ್ಲೇ ನಿಲ್ಲಬೇಕು. ಎಂಟನೇ ತರಗತಿಯ ಹಾಳೆಯನ್ನು ಇಡೀ ಶಾಲೆಯ ಪಟ್ಟಿ ಎಂದು ಏರಿಸಿದರೆ, ಉಳಿದ ಮಕ್ಕಳೆಲ್ಲ ಶಾಲೆ ಬಿಟ್ಟವರೆಂದು ದಾಖಲಾಗುತ್ತಾರೆ. ವಿಪರೀತ ಕಲ್ಪನೆಯಲ್ಲ, ಈ ಕ್ಷೇತ್ರದಲ್ಲಿ ಮಾಮೂಲಿ.

ಆಮೇಲೆ ಮೊದಲ ಬೆಲ್. ಲ್ಯಾಬ್‌ನಲ್ಲಿ 40 ಮಕ್ಕಳು ಒಂದೇ ಅರ್ಧ ನಿಮಿಷದಲ್ಲಿ ಲಾಗಿನ್ ಒತ್ತುತ್ತಾರೆ. ಇಡೀ ಶಾಲೆ ಹೊರಜಗತ್ತಿಗೆ ಕಾಣುವುದು ಒಂದೇ ಐಪಿ (ಇಂಟರ್ನೆಟ್) ವಿಳಾಸವಾಗಿ. ಸರ್ವರ್ ಇದನ್ನು ದಾಳಿ ಎಂದುಕೊಂಡು ಎಲ್ಲರಿಗೂ ಬಾಗಿಲು ಹಾಕುತ್ತದೆ. ತಪ್ಪು ಪ್ರಯತ್ನಗಳನ್ನು ವಿಳಾಸಕ್ಕಲ್ಲ, ಖಾತೆಗೆ ಎಣಿಸಬೇಕು. ಸಾಫ್ಟ್‌ವೇರ್ ಪರೀಕ್ಷಿಸಲು ನಿಮ್ಮ ಆಫೀಸಿನ ಒಳ್ಳೆಯ ವೈಫೈ ಸಾಲದು. ಶಾಲೆಯ ಇಂಟರ್ನೆಟ್ ಫಿಲ್ಟರ್ ಯಾವ ಡೊಮೇನ್‌ಗಳನ್ನು (ವೆಬ್ ವಿಳಾಸಗಳನ್ನು) ತಡೆಯುತ್ತದೆ ಎಂದು ಅಲ್ಲೇ ಕೂತು ನೋಡಬೇಕು.

ಎರಡನೇ ವರ್ಷ ಬೇರೊಂದು ಬಲೆ ಕಾದಿರುತ್ತದೆ. ವಿದ್ಯಾರ್ಥಿಯ ದಾಖಲೆಯಲ್ಲಿ ತರಗತಿ ಎಂಬ ಒಂದೇ ಕಾಲಂ ಇದ್ದು, 7ನ್ನು ಅಳಿಸಿ 8 ಬರೆದರೆ, ಹಳೆಯ ಅಂಕಪಟ್ಟಿಯೂ ಎಂಟನೇ ತರಗತಿ ಎಂದೇ ಅಚ್ಚಾಗುತ್ತದೆ. ಪ್ರತಿ ವರ್ಷದ ದಾಖಲಾತಿಗೆ ಬೇರೆಯದೇ ಸಾಲು ಬೇಕು. ಇದನ್ನು ಹತ್ತು ಶಾಲೆ ಇರುವಾಗ ಸರಿಮಾಡುವುದು ಒಂದು ವಾರದ ಕೆಲಸ, ಇನ್ನೂರು ಶಾಲೆಯಾದ ಮೇಲೆ ಒಂದು ಇಡೀ ರಜೆ ಸಾಲದು. ಅಂಕಪಟ್ಟಿಯ ವಿನ್ಯಾಸವೂ ಅಷ್ಟೆ: ಶಾಲೆಗೊಂದು ಕೋಡ್ ಬೇಡ, ಟೆಂಪ್ಲೇಟ್ ಕೊಟ್ಟು ಕೈತೊಳೆದುಕೊಳ್ಳಿ.

ಬೆಳೆದಂತೆ ಸಪೋರ್ಟ್ ತಂಡದ ಕೈಗೆ ಎಲ್ಲ ಶಾಲೆಗಳ ಬೀಗದ ಕೈ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಶಾಲಾ ಸಾಫ್ಟ್‌ವೇರ್ ಕಂಪನಿ ಪವರ್‌ಸ್ಕೂಲ್‌ನಿಂದ ಮಕ್ಕಳ, ಶಿಕ್ಷಕರ ಮಾಹಿತಿ ಸೋರಿದ್ದು ಸಪೋರ್ಟ್ ಪೋರ್ಟಲ್‌ನ ಕದ್ದ ಪಾಸ್‌ವರ್ಡ್ ಮೂಲಕ. ಸಪೋರ್ಟ್‌ನವರ ಪ್ರವೇಶ ಒಂದು ಟಿಕೆಟ್‌ಗೆ (ದಾಖಲಾದ ದೂರಿಗೆ), ಒಂದು ಶಾಲೆಗೆ, ಕೆಲವೇ ಗಂಟೆಗೆ ಸೀಮಿತವಾಗಿರಲಿ, ಎರಡನೇ ಹಂತದ ದೃಢೀಕರಣ ಕಡ್ಡಾಯವಾಗಿರಲಿ.

ಇನ್ನು ಒಪ್ಪಂದದ ನವೀಕರಣ. ಎಷ್ಟು ಲಾಗಿನ್ ಆಯಿತು ಎಂಬ ಗ್ರಾಫ್ ನಂಬಬೇಡಿ, ಹಾಜರಿಯ ಸಮಯ ನೋಡಿ. 30 ವಿಭಾಗಗಳ ಹಾಜರಿ ಸಂಜೆ ನಾಲ್ಕಕ್ಕೆ ಒಂದೇ ಖಾತೆಯಿಂದ ಬರುತ್ತಿದ್ದರೆ, ಶಿಕ್ಷಕರು ಇನ್ನೂ ಪುಸ್ತಕದಲ್ಲೇ ಬರೆಯುತ್ತಿದ್ದಾರೆ, ಗುಮಾಸ್ತರೊಬ್ಬರು ಕೂತು ಟೈಪ್ ಮಾಡುತ್ತಿದ್ದಾರೆ. ಆ ಶಾಲೆಗೆ ಬಿಲ್ ಕಳಿಸುವ ಮುಂಚೆ ಒಬ್ಬ ತರಬೇತುದಾರರನ್ನು ಕಳಿಸಿ.