ಬಿಳಿ ಸಮುದ್ರ, ಪೈಪಿನ ಬಾಯಿ
ರಷ್ಯಾದ ಬಿಳಿ ಸಮುದ್ರದ ದಂಡೆ, ಆರ್ಕ್ಟಿಕ್ ವೃತ್ತದ ಪಕ್ಕದಲ್ಲೇ ಮಾಸ್ಕೋ ವಿಶ್ವವಿದ್ಯಾಲಯದ ಜೀವಶಾಸ್ತ್ರ ಕೇಂದ್ರ, ಶುರುವಾಗಿದ್ದು 1938ರಲ್ಲಿ. ಹಿಂದೆ ಪೈನ್ ಕಾಡು, ಮುಂದೆ ಸುಮಾರು ಎರಡು ಮೀಟರ್ ಏರಿಳಿಯೋ ನೀರು. ಇಳಿದಾಗ ಕಂದು ಪಾಚಿ ಎತ್ತಿದರೆ ಕೆಳಗೆ ನೀಲಿ ಚಿಪ್ಪುಗಳ ಗೊಂಚಲು, ನಮ್ಮ ಕರಾವಳಿಯ ಪಚ್ಚಿಲೆಯ ದಾಯಾದಿಗಳು.

ಇಂಥ ಕಡೆ ಸಮುದ್ರಜೀವಿಗಳನ್ನ ಸಾಕೋ ಗಾಜಿನ ತೊಟ್ಟಿಗೆ ಸಮುದ್ರದ ನೀರೆಳೆಯೋ ಪೈಪಿನ ಬಾಯಿ ಮೇಲ್ಪದರದಲ್ಲಿ ಇರಲೇಬಾರದು. ಹಿಮ ಕರಗಿದ ಸಿಹಿನೀರು ಹಗುರ, ಮೇಲೇ ನಿಲ್ಲುತ್ತೆ. ಕೆಳಗೆ ಲೀಟರಿಗೆ 25 ಗ್ರಾಂ ಆಸುಪಾಸು ಉಪ್ಪು. ಮೇಲೆ ತೀರಾ ಸಪ್ಪೆ. ಆ ಸಪ್ಪೆ ನೀರು ಒಳಬಂದರೆ ನಕ್ಷತ್ರಮೀನಿನ ಕಥೆ ಮುಗೀತು: ಮೈಯ ಉಪ್ಪಿನ ಹದ ಕಾಯೋಕೆ ಅದಕ್ಕೆ ಬರಲ್ಲ. ಊದಿಕೊಂಡು, ಅಂಟಿ ಹಿಡಿಯೋ ಪುಟ್ಟ ಕೊಳವೆಕಾಲುಗಳ ಹಿಡಿತ ಸಡಿಲಿ ಗಾಜಿನಿಂದ ಜಾರುತ್ತೆ. ನೀಲಿ ಚಿಪ್ಪು ಮಾತ್ರ ಬಾಯಿ ಮುಚ್ಚಿ ಕಾಯುತ್ತೆ. ಬಾಗಿಲು ಹಾಕ್ಕೊಳ್ಳೋದೂ ಒಂದು ವಿದ್ಯೆ ಅಂತ ಅನ್ಸೋದು ಆಗಲೇ. ಅಂದಹಾಗೆ, ಉಷ್ಣಾಂಶ ನೋಡಿದಷ್ಟೇ ಸಲ ಉಪ್ಪನ್ನೂ ಅಳೀಬೇಕು.