ಒಂದು ಮಿಲಿಮೀಟರ್ ಫೋಕಸ್, ಎಲ್ಲಿಗೆ ಹಾಕುವುದು?

ಹುಲ್ಲಿನ ಎಸಳಿಗೆ ಕಚ್ಚಿಕೊಂಡು ಕೂತ ಏರೋಪ್ಲೇನ್ ಚಿಟ್ಟೆ. ಮೈತುಂಬ ಇಬ್ಬನಿ. ರಾತ್ರಿಯ ತಂಪಿಗೆ ಮೈ ಮರಗಟ್ಟಿದೆ, ಬಿಸಿಲು ತಾಗುವವರೆಗೆ ಹಾರಲಾರದು. ಮ್ಯಾಕ್ರೋ (ಸಣ್ಣ ಜೀವಿಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಫೋಟೋಗ್ರಫಿ) ಹುಚ್ಚಿನವರು ನಸುಕಿನಲ್ಲೇ ಏಳುವುದು ಇದಕ್ಕೇ. ಹುಳುವನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವವರೂ ಇದ್ದಾರೆ, ಅವರ ಸುದ್ದಿ ಬೇಡ.

ಫುಲ್ ಫ್ರೇಮ್ ಕ್ಯಾಮೆರಾ, 100 ಎಂ.ಎಂ. ಮ್ಯಾಕ್ರೋ ಲೆನ್ಸ್. ಮೊದಲಿಗೇ 1:1ಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ 1:1 ಅಂದರೆ ಹುಳು ಎಷ್ಟಿದೆಯೋ ಅಷ್ಟೇ ದೊಡ್ಡದಾಗಿ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಬೀಳುವುದು. ಹಾಗಾಗಿ ಫುಲ್ ಫ್ರೇಮಿನಲ್ಲಿ ಹಿಡಿಯುವುದು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಜಾಗ ಮಾತ್ರ. ಇಡೀ ಚಿಟ್ಟೆ ಅದರಲ್ಲಿ ಹಿಡಿಸದು. ಎಫ್/8ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಸ್ಪಷ್ಟವಾಗಿ ಬೀಳುವ ಆಳವೂ ಸುಮಾರು 1 ಮಿ.ಮೀ. ಅಷ್ಟೆ. 1:2ಕ್ಕೆ, ಅಂದರೆ ಅರ್ಧ ಅಳತೆಗೆ, ಹಿಂದೆ ಸರಿದರೆ ಅದೇ ಎಫ್/8ರಲ್ಲಿ 3 ಮಿ.ಮೀ.ಗೆ ಹತ್ತಿರ ಸಿಗುತ್ತದೆ. ಹಾಗಾಗಿ ಮೊದಲ ಚಿತ್ರ 1:2ರಲ್ಲಿ, ಪಕ್ಕದಿಂದ. ಕ್ಯಾಮೆರಾದ ಬೆನ್ನು ಚಿಟ್ಟೆಯ ಮೈಗೆ ಸರಿಯಾಗಿ ಸಮಾನಾಂತರವಾಗಿರಬೇಕು. ಸ್ವಲ್ಪ ಓರೆಯಾದರೂ ತಲೆ ಸ್ಪಷ್ಟ, ಬಾಲ ಮಸುಕು. ಅಪರ್ಚರ್ ಕಿರಿದು ಮಾಡುವ ಮುಂಚೆ ಟ್ರೈಪಾಡ್ ತಲೆಯನ್ನು ತಿರುಗಿಸಿ ನೋಡಬೇಕು. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಎಫ್/22ಕ್ಕೆ ಇಳಿಸಿಬಿಡೋಣ ಅನ್ನುವವರಿಗೆ ಒಂದು ಮಾತು. 1:1ರಲ್ಲಿ ಎಫ್/8 ಇಟ್ಟರೆ ಅದು ಕೆಲಸ ಮಾಡುವುದು ಎಫ್/16ರಂತೆ, ಎರಡು ಸ್ಟಾಪ್ ಬೆಳಕು ನಷ್ಟ, ಅಂದರೆ ಉಳಿಯುವುದು ಕಾಲು ಭಾಗ. ಎಫ್/22 ಹೋಗಿ ಎಫ್/44 ಆಗುತ್ತದೆ. ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಇಡೀ ಚಿತ್ರವೇ ಮೆತ್ತಗಾಗಿ, ಎಲ್ಲವೂ ಫೋಕಸ್ಸಿನಲ್ಲಿದ್ದರೂ ಯಾವುದೂ ಚೂಪಾಗಿರುವುದಿಲ್ಲ.

ಮುಂದೆ ಕಣ್ಣುಗಳು. ಈಗ 1:1. ಸೆನ್ಸರ್‌ನಿಂದ ಚಿಟ್ಟೆಗೆ 30 ಸೆಂ.ಮೀ. ಆಸುಪಾಸು ದೂರ ಇರುತ್ತದಾದರೂ ಲೆನ್ಸಿನ ಮೂತಿಯಿಂದ ಒಂದು ಗೇಣೂ ಉಳಿಯುವುದಿಲ್ಲ. ಲೆನ್ಸ್ ಹುಡ್ ಬಿಚ್ಚಿಡಬೇಕು. ಇದ್ದ ಜಾಗವನ್ನೂ ಅದು ತಿನ್ನುತ್ತದೆ, ಬೆಳಕಿಗೂ ಅಡ್ಡ. ಇಲ್ಲಿ ಫೋಕಸ್ ರಿಂಗ್ ತಿರುಗಿಸಿದರೆ ಚಿತ್ರದ ಅಳತೆಯೂ ಬದಲಾಗುತ್ತದೆ. ಆದ್ದರಿಂದ ರಿಂಗನ್ನು 1:1ರಲ್ಲೇ ಬಿಟ್ಟು, ಫೋಕಸಿಂಗ್ ರೈಲ್ ಮೇಲೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸುವುದು ನೇರ ದಾರಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯಲ್ಲಿ, 10 ಪಟ್ಟು ಹಿಗ್ಗಿಸಿ ನೋಡಿದರೆ ಕಣ್ಣಿನ ಮೇಲಿನ ಸಣ್ಣ ಸಣ್ಣ ಷಟ್ಕೋನಗಳು ಒಂದೊಂದಾಗಿ ಚೂಪಾಗುವುದು ಕಾಣುತ್ತದೆ.

ಇಡೀ ತಲೆ ಒಂದೇ ಫ್ರೇಮಿನಲ್ಲಿ ಸ್ಪಷ್ಟವಾಗದು. ಫೋಕಸ್ ಸರಿಸುತ್ತ ಹಲವು ಫ್ರೇಮ್ ತೆಗೆದು ಆಮೇಲೆ ಒಂದೇ ಚಿತ್ರವಾಗಿ ಜೋಡಿಸಬೇಕು, ಸ್ಟ್ಯಾಕಿಂಗ್ ಅನ್ನುವುದು ಇದಕ್ಕೇ. ತಲೆಯ ಆಳ 6 ಮಿ.ಮೀ. ಅಂದುಕೊಳ್ಳಿ. ಎಫ್/5.6ರಲ್ಲಿ ಒಂದು ಫ್ರೇಮಿಗೆ ಸಿಗುವ ಆಳ 0.7 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. 0.4 ಮಿ.ಮೀ.ನಂತೆ ರೈಲ್ ಸರಿಸಿದರೆ ಒಂದರ ಮೇಲೊಂದು ಕೂಡಿಕೊಂಡು ಸುಮಾರು 15 ಫ್ರೇಮ್. ಕಣ್ಣಿನ ಅತಿ ಮುಂದಿನ ಬಿಂದುವಿಗಿಂತ ತುಸು ಈಚೆಗೇ ಶುರು ಮಾಡಬೇಕು. ಮೊದಲ ಫ್ರೇಮ್ ತಪ್ಪಿದರೆ ಜೋಡಿಸುವಾಗ ಚಿತ್ರದ ಮುಖವೇ ಮಸುಕಾಗಿರುತ್ತದೆ, ಸರಿಪಡಿಸಲು ಬರುವುದಿಲ್ಲ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡೂ ಮ್ಯಾನ್ಯುಯಲ್. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಬಂದ್.

ಕೆಡಿಸುವುದು ಗಾಳಿ. ಕೈಗೆ ಗೊತ್ತೇ ಆಗದ ಗಾಳಿಗೂ ಎಸಳು ಒಂದೆರಡು ಮಿ.ಮೀ. ಆಡುತ್ತದೆ, ನಡುವಿನ ಒಂದು ಫ್ರೇಮ್ ಅಲುಗಿದರೂ ಜೋಡಿಸಿದ ಚಿತ್ರದಲ್ಲಿ ಕಾಲು ಎರಡಾಗುತ್ತದೆ. ನೆಲಕ್ಕೆ ಒಂದು ಕಡ್ಡಿ ಚುಚ್ಚಿ, ಅದಕ್ಕೆ ಬಟ್ಟೆ ಕ್ಲಿಪ್ ಕಟ್ಟಿ, ಚಿಟ್ಟೆಗಿಂತ ಸಾಕಷ್ಟು ಕೆಳಗೆ ಎಸಳನ್ನು ಹಿಡಿಸಿದರೆ ಸಾಕು. ದುಬಾರಿ ಸಾಧನಕ್ಕಿಂತ ಇದೇ ವಾಸಿ ಅನ್ನಿಸುತ್ತದೆ ನನಗೆ.

ಬಿಸಿಲು ತಾಗಿತೋ, ಹನಿಗಳು ಆರತೊಡಗುತ್ತವೆ, ರೆಕ್ಕೆ ಸಣ್ಣಗೆ ನಡುಗುತ್ತದೆ. ಹಾರಲು ಮೈ ಬಿಸಿ ಮಾಡಿಕೊಳ್ಳುತ್ತಿದೆ. ಸ್ಟ್ಯಾಕಿಂಗ್ ಅಲ್ಲಿಗೆ ಬಿಡಬೇಕು. ಕ್ಯಾಮೆರಾ ಕೈಗೆ, ಎಫ್/11, 1/200 ಸೆಕೆಂಡ್, ಐಎಸ್ಒ 200, ಫ್ಲ್ಯಾಷ್ ಮೇಲೆ ಬೆಳಕನ್ನು ಮೆದುವಾಗಿಸುವ ಅಗಲವಾದ ಡಿಫ್ಯೂಸರ್. ಡಿಫ್ಯೂಸರ್ ಚಿಕ್ಕದಾದರೆ ಪ್ರತಿ ಹನಿಯಲ್ಲೂ ಬಿಳಿ ಚುಕ್ಕೆ ಚುಚ್ಚುತ್ತದೆ. ಮೊಣಕೈ ಮೊಣಕಾಲಿಗೆ ಊರಿ, ಮೈಯನ್ನು ನಿಧಾನಕ್ಕೆ ಮುಂದಕ್ಕೆ ಬಾಗಿಸುತ್ತ, ಕಣ್ಣು ಚೂಪಾದ ಗಳಿಗೆಗೆ ಒತ್ತಬೇಕು. ನೆರಳು ಮಾತ್ರ ಅದರ ಮೇಲೆ ಬೀಳಬಾರದು.